ಮಂಜೇಶ್ವರ ವಿಧಾನಸಭಾ ಕ್ಷೇತ್ರ: ಗಡಿನಾಡಿನ ಚುನಾವಣಾ ಚರಿತ್ರೆ

1. ಕ್ಷೇತ್ರದ ಹಿನ್ನೆಲೆ

ಕೇರಳ ವಿಧಾನಸಭೆಯ 140 ಕ್ಷೇತ್ರಗಳ ಪಟ್ಟಿಯಲ್ಲಿ ಒಂದನೆಯ ಸಂಖ್ಯೆಯನ್ನು ಪಡೆದಿರುವ ಮಂಜೇಶ್ವರವು ಆ ರಾಜ್ಯದ ಉತ್ತರದ ತುದಿಯಲ್ಲಿ, ದಕ್ಷಿಣ ಕನ್ನಡ ಜಿಲ್ಲೆಗೆ ಹೊಂದಿಕೊಂಡಿದೆ. 2008ರ ಕ್ಷೇತ್ರ ಮರುವಿಂಗಡಣೆಯ ಬಳಿಕ ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ ಮತ್ತು ಎಣ್ಮಕಜೆ ಎಂಬ ಎಂಟು ಗ್ರಾಮ ಪಂಚಾಯತುಗಳು ಇದರ ವ್ಯಾಪ್ತಿಗೆ ಸೇರಿವೆ. ಸಪ್ತಭಾಷಾ ಸಂಗಮ ಭೂಮಿ ಎಂದು ಹೆಸರಾದ ಕಾಸರಗೋಡು ಜಿಲ್ಲೆಯ ಈ ಭಾಗದಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮತ್ತು ಉರ್ದು ಭಾಷಿಕರು ಒಂದೇ ಪೇಟೆಯಲ್ಲಿ ವ್ಯವಹರಿಸುತ್ತಾರೆ, ಒಂದೇ ಮತಗಟ್ಟೆಯ ಮುಂದೆ ಸಾಲುಗಟ್ಟುತ್ತಾರೆ.

ಬ್ರಿಟಿಷರ ಆಳ್ವಿಕೆಯಲ್ಲಿ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕನ್ನು ಕೇರಳಕ್ಕೆ ನೀಡಬೇಕೆಂದು ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ಶಿಫಾರಸು ಮಾಡಿತು. ಅದರಂತೆ 1956ರ ನವೆಂಬರ್ 1ರಂದು ತಾಲೂಕು ಕೇರಳದ ಪಾಲಾಯಿತು. ಕನ್ನಡ ನಾಡು ಒಂದುಗೂಡಿದ ದಿನವೇ ಕನ್ನಡದ ಒಂದು ಭಾಗ ಹೊರಗುಳಿಯಿತೆಂಬ ನೋವು ಈ ಕ್ಷೇತ್ರದ ಮೊದಲ ಚುನಾವಣೆಗಳ ಹಿಂದಿತ್ತು. ಆ ನೋವು ಮುಂದಿನ ದಶಕಗಳಲ್ಲಿ ಯಾವ ರಾಜಕೀಯ ರೂಪಗಳನ್ನು ತಾಳಿತು, ಭಾಷೆಯ ಹೆಸರಿನಲ್ಲಿ ಗೆಲ್ಲುವ ಸಂಘಟನೆ ಮರೆಯಾದ ಮೇಲೂ ಭಾಷೆಯ ಪ್ರಶ್ನೆ ಹೇಗೆ ಉಳಿಯಿತು ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶವಾಗಿದೆ.

2. ಭಾಷೆಯೇ ಪಕ್ಷವಾಗಿದ್ದ ಕಾಲ

1957ರಲ್ಲಿ ನಡೆದ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಪಕ್ಷೇತರರಾಗಿ ನಿಂತ ಎಂ. ಉಮೇಶ್ ರಾವ್ ಅವಿರೋಧವಾಗಿ ಆಯ್ಕೆಯಾದರು. ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಮುಗಿದಾಗ ಕಣದಲ್ಲಿ ಉಳಿದವರ ಸಂಖ್ಯೆಯೂ ತುಂಬಬೇಕಾದ ಸ್ಥಾನಗಳ ಸಂಖ್ಯೆಯೂ ಸಮವಾಗಿದ್ದರೆ, ಮತದಾನವಿಲ್ಲದೆಯೇ ಅವರನ್ನು ಚುನಾಯಿತರೆಂದು ಚುನಾವಣಾಧಿಕಾರಿ ಘೋಷಿಸಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 53ನೆಯ ಕಲಮು ಹೇಳುತ್ತದೆ. ಕೇರಳ ವಿಧಾನಸಭಾ ಚುನಾವಣೆಗಳ ಇತಿಹಾಸದಲ್ಲಿ ಇದೊಂದೇ ಅವಿರೋಧ ಆಯ್ಕೆ ಎಂದು ದಾಖಲಾಗಿದೆ. ಕೇರಳಕ್ಕೆ ಸೇರಿ ಕೆಲವೇ ತಿಂಗಳಾಗಿದ್ದಾಗ ಕನ್ನಡಿಗರ ಅಭ್ಯರ್ಥಿಯ ಎದುರು ಯಾವ ಪಕ್ಷವೂ ಕಣದಲ್ಲಿ ಉಳಿಯಲಿಲ್ಲವೆಂಬ ಸಂಗತಿಯೇ ಅಂದಿನ ಜನಾಭಿಪ್ರಾಯದ ತೀವ್ರತೆಯನ್ನು ಸೂಚಿಸುತ್ತದೆ.

ಕರ್ನಾಟಕದೊಂದಿಗೆ ವಿಲೀನವನ್ನು ಬಯಸಿದ ಕರ್ನಾಟಕ ಸಮಿತಿಯ ಬೆಂಬಲದೊಂದಿಗೆ ಕೆ. ಮಹಾಬಲ ಭಂಡಾರಿ 1960, 1965 ಮತ್ತು 1967ರಲ್ಲಿ ಸತತವಾಗಿ ಗೆದ್ದರು. ಇವುಗಳ ಪೈಕಿ 1965ರ ಗೆಲುವಿನಿಂದ ಸದನದ ಒಳಗೆ ಮಾತನಾಡುವ ಅವಕಾಶವೇ ದೊರೆಯಲಿಲ್ಲ. ಯಾವ ಪಕ್ಷಕ್ಕೂ ಬಹುಮತ ಬಾರದೆ ಸರಕಾರ ರಚನೆಯಾಗದ ಕಾರಣ ಆ ವಿಧಾನಸಭೆ ಒಮ್ಮೆಯೂ ಸೇರದೆ ವಿಸರ್ಜನೆಗೊಂಡಿತು. 1967ರಲ್ಲಿ ನೆರೆಯ ಕಾಸರಗೋಡು ಕ್ಷೇತ್ರದಿಂದಲೂ ಯು.ಪಿ. ಕುಣಿಕುಳ್ಳಾಯರು ಪಕ್ಷೇತರರಾಗಿ ಗೆದ್ದುದರಿಂದ ಗಡಿಯ ಕನ್ನಡದ ದನಿ ತಿರುವನಂತಪುರದಲ್ಲಿ ಇಮ್ಮಡಿಯಾಯಿತು.

ಅದೇ ವರ್ಷ, ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗವು ಚಂದ್ರಗಿರಿ ಮತ್ತು ಪಯಸ್ವಿನಿ ನದಿಗಳ ಉತ್ತರಕ್ಕಿರುವ ಕಾಸರಗೋಡಿನ ಭಾಗವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಇಡೀ ಮಂಜೇಶ್ವರ ಕ್ಷೇತ್ರ ಆ ಗಡಿಯೊಳಗೆ ಬರುತ್ತಿತ್ತು. ಮತಪೆಟ್ಟಿಗೆಯ ಮೂಲಕ ಜನ ಮೂರು ಬಾರಿ ಹೇಳಿದ್ದನ್ನು ಕೇಂದ್ರವೇ ನೇಮಿಸಿದ ಆಯೋಗ ಎತ್ತಿಹಿಡಿದರೂ ಕೇರಳ ಒಪ್ಪಲಿಲ್ಲ, ಕೇಂದ್ರ ಅದನ್ನು ಜಾರಿಗೆ ತರಲಿಲ್ಲ.

3. ಪಕ್ಷಗಳ ಕಾಲ

1970ರಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ ಗೆದ್ದಾಗ ಕ್ಷೇತ್ರದ ಚರಿತ್ರೆ ಹೊಸ ಹಾದಿ ಹಿಡಿಯಿತು. ಆ ವರ್ಷದ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿಯನ್ನು ರದ್ದುಗೊಳಿಸುವ ಭೂಸುಧಾರಣೆ ಜಾರಿಗೆ ಬಂದಿತ್ತು. ಗೇಣಿದಾರನಿಗೆ ತಾನು ಉಳುವ ಭೂಮಿಯ ಒಡೆತನ ದೊರೆಯುವ ಹೊತ್ತಿನಲ್ಲಿ, ರಾಜ್ಯದ ಗಡಿ ಎಲ್ಲಿರಬೇಕೆಂಬ ಪ್ರಶ್ನೆಗಿಂತ ಗದ್ದೆಯ ಹಕ್ಕುಪತ್ರ ಯಾರ ಹೆಸರಿಗೆ ಬರುತ್ತದೆಂಬ ಪ್ರಶ್ನೆ ಅವನಿಗೆ ಹತ್ತಿರದ್ದಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ರಾಮಪ್ಪ 1977ರಲ್ಲಿ ಮರು ಆಯ್ಕೆಯಾದರು. ಅದೇ ಪಕ್ಷದ ಡಾ. ಎ. ಸುಬ್ಬರಾವ್ 1980 ಮತ್ತು 1982ರಲ್ಲಿ ಗೆದ್ದು, ಇ.ಕೆ. ನಾಯನಾರ್ ಅವರ ಮೊದಲ ಸಂಪುಟದಲ್ಲಿ ನೀರಾವರಿ ಸಚಿವರಾದರು. ಕೇರಳಕ್ಕೆ ಸೇರಿದ್ದನ್ನು ಒಪ್ಪದ ಪ್ರತಿನಿಧಿಗಳನ್ನು ಆರಿಸುತ್ತಿದ್ದ ಕ್ಷೇತ್ರವು ಅದೇ ರಾಜ್ಯದ ಸಂಪುಟಕ್ಕೆ ಸಚಿವರನ್ನು ಕೊಟ್ಟಿತು.

1987ರಲ್ಲಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಗೆದ್ದು, 1991, 1996 ಮತ್ತು 2001ರಲ್ಲೂ ಸ್ಥಾನವನ್ನು ಉಳಿಸಿಕೊಂಡರು. 1987ರಿಂದಲೇ ಭಾರತೀಯ ಜನತಾ ಪಕ್ಷ ಎರಡನೆಯ ಸ್ಥಾನಕ್ಕೇರಿತು. ಕೇರಳದ ಬಹುಪಾಲು ಕ್ಷೇತ್ರಗಳಲ್ಲಿ ಕಾಂಗ್ರೆಸ್ ನೇತೃತ್ವದ ಐಕ್ಯರಂಗ ಮತ್ತು ಎಡರಂಗಗಳ ನೇರ ಹಣಾಹಣಿ ನಡೆಯುತ್ತಿದ್ದರೆ, ಮಂಜೇಶ್ವರದಲ್ಲಿ ಲೀಗ್, ಭಾಜಪ ಮತ್ತು ಎಡರಂಗಗಳ ತ್ರಿಕೋನ ಸ್ಪರ್ಧೆ ನೆಲೆಗೊಂಡಿತು. 1991ರಲ್ಲಿ ಭಾಜಪದ ಕೆ.ಜಿ. ಮಾರಾರ್ 1,072 ಮತಗಳಿಂದ ಸೋತರು. 2006ರಲ್ಲಿ ಸಿಪಿಎಂನ ಸಿ.ಎಚ್. ಕುಂಞಂಬು ಗೆದ್ದಾಗ ನಾಲ್ಕು ಅವಧಿಯ ಶಾಸಕರಾಗಿದ್ದ ಚೆರ್ಕಳಂ ಮೂರನೆಯ ಸ್ಥಾನಕ್ಕೆ ಇಳಿದರು. 2011ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಕ್ಷೇತ್ರವನ್ನು ಲೀಗಿಗೆ ಮರಳಿ ಗೆದ್ದುಕೊಟ್ಟರು.

4. ಎಂಬತ್ತೊಂಬತ್ತು ಮತಗಳು

ಅತಿ ಹೆಚ್ಚು ಮತ ಪಡೆದವರು, ಅದು ಒಟ್ಟು ಮತಗಳ ಅರ್ಧಕ್ಕಿಂತ ಕಡಿಮೆಯಿದ್ದರೂ, ಗೆದ್ದಂತೆಯೇ ಎಂಬುದು ಭಾರತದ ಚುನಾವಣಾ ನಿಯಮ. ಈ ನಿಯಮವು ತ್ರಿಕೋನ ಸ್ಪರ್ಧೆಯೊಂದಿಗೆ ಸೇರಿದಾಗ ಏನಾಗುತ್ತದೆಂಬುದಕ್ಕೆ 2016ರ ಫಲಿತಾಂಶ ಸಾಕ್ಷಿಯಾಗಿದೆ. ಅಬ್ದುಲ್ ರಜಾಕ್ 56,870 ಮತಗಳನ್ನೂ ಭಾಜಪದ ಕೆ. ಸುರೇಂದ್ರನ್ 56,781 ಮತಗಳನ್ನೂ ಪಡೆದು, ಗೆಲುವಿನ ಅಂತರ ಕೇವಲ 89 ಮತಗಳಿಗೆ ನಿಂತಿತು. ಮೂರನೆಯ ಸ್ಥಾನದಲ್ಲಿದ್ದ ಕುಂಞಂಬು ಅವರಿಗೂ ನಲವತ್ತೆರಡು ಸಾವಿರಕ್ಕಿಂತ ಹೆಚ್ಚು ಮತಗಳು ಬಂದಿದ್ದವು. ಸುರೇಂದ್ರನ್ ಅವರ ಹೆಸರನ್ನು ಹೋಲುವ ಹೆಸರಿನ ಮತ್ತೊಬ್ಬ ಅಭ್ಯರ್ಥಿಗೆ ಬಿದ್ದ 467 ಮತಗಳು ಆ ಅಂತರದ ಐದು ಪಟ್ಟಿಗೂ ಹೆಚ್ಚಾಗಿದ್ದುದರಿಂದ, ಅಭ್ಯರ್ಥಿಗಳ ಪಟ್ಟಿಯಲ್ಲಿನ ಹೆಸರಿನ ಸಾಮ್ಯವೂ ಚರ್ಚೆಯ ವಿಷಯವಾಯಿತು.

ಸುರೇಂದ್ರನ್ ಕೇರಳ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಿದರು. ಫಲಿತಾಂಶದ ಸಿಂಧುತ್ವವನ್ನು ಪ್ರಶ್ನಿಸಲು ಕಾನೂನು ಒದಗಿಸಿರುವ ಏಕೈಕ ಮಾರ್ಗವಾದ ಈ ಅರ್ಜಿಯನ್ನು ಫಲಿತಾಂಶ ಹೊರಬಿದ್ದ 45 ದಿನಗಳೊಳಗೆ ಹೈಕೋರ್ಟಿಗೆ ಸಲ್ಲಿಸಬೇಕಾಗುತ್ತದೆ. ಮೃತರ ಮತ್ತು ವಿದೇಶದಲ್ಲಿದ್ದವರ ಹೆಸರಿನಲ್ಲಿ ಮತ ಚಲಾವಣೆಯಾಗಿದೆ ಎಂಬುದು ಅವರ ಆರೋಪವಾಗಿತ್ತು. ಗಲ್ಫ್ ದೇಶಗಳಿಗೆ ದುಡಿಯಲು ಹೋದವರು ಮನೆಮನೆಯಲ್ಲೂ ಇರುವ ಊರುಗಳಲ್ಲಿ ಯಾರು ಯಾವ ದಿನ ಊರಿನಲ್ಲಿದ್ದರೆಂಬುದನ್ನು ಪ್ರಯಾಣದ ದಾಖಲೆಗಳಿಂದ ಸಾಬೀತುಪಡಿಸಬೇಕಾಯಿತು. ಮೃತರೆಂದು ಹೆಸರಿಸಲಾಗಿದ್ದ ಕೆಲವರು ಬದುಕಿರುವುದು ನ್ಯಾಯಾಲಯದ ಸಮನ್ಸ್ ಜಾರಿಯ ಹೊತ್ತಿಗೆ ತಿಳಿದುಬಂದಿತು. ಒಂದು ಮತವೂ ಚಲಾವಣೆಯಾಗದೆ ಶಾಸಕರನ್ನು ಪಡೆದಿದ್ದ ಕ್ಷೇತ್ರವು ಒಂದೊಂದು ಮತಕ್ಕೂ ಸಾಕ್ಷ್ಯ ಕೇಳುವ ಹಂತಕ್ಕೆ ತಲುಪಿತ್ತು.

ವಿಚಾರಣೆ ನಡೆಯುತ್ತಿರುವಾಗಲೇ, 2018ರ ಅಕ್ಟೋಬರಿನಲ್ಲಿ ಅಬ್ದುಲ್ ರಜಾಕ್ ನಿಧನರಾದರು. ತೆರವಾದ ಸ್ಥಾನವನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ತುಂಬಬೇಕಾದರೂ, ತಕರಾರು ಅರ್ಜಿ ಇತ್ಯರ್ಥವಾಗದೆ ಉಪಚುನಾವಣೆ ಸಾಧ್ಯವಾಗಲಿಲ್ಲ. 2019ರಲ್ಲಿ ಅರ್ಜಿಯನ್ನು ಹಿಂತೆಗೆದುಕೊಂಡ ಬಳಿಕ, ಅಕ್ಟೋಬರ್ 21ರಂದು ನಡೆದ ಉಪಚುನಾವಣೆಯಲ್ಲಿ ಲೀಗಿನ ಎಂ.ಸಿ. ಕಮರುದ್ದೀನ್ 7,923 ಮತಗಳಿಂದ ಭಾಜಪದ ರವೀಶ ತಂತ್ರಿ ಕುಂಟಾರು ಅವರನ್ನು ಸೋಲಿಸಿದರು. ಸುಮಾರು ಒಂದು ವರ್ಷ ಕ್ಷೇತ್ರಕ್ಕೆ ಶಾಸಕರಿರಲಿಲ್ಲ. 2021ರಲ್ಲಿ ಲೀಗಿನ ಎ.ಕೆ.ಎಂ. ಅಶ್ರಫ್ 65,758 ಮತಗಳನ್ನು ಪಡೆದು, 65,013 ಮತ ಗಳಿಸಿದ ಸುರೇಂದ್ರನ್ ಅವರನ್ನು 745 ಮತಗಳಿಂದ ಸೋಲಿಸಿದರು.

5. ಭಾಷೆಯ ಇಂದಿನ ಸ್ಥಾನ

ಕರ್ನಾಟಕ ಸಮಿತಿಯ ಗೆಲುವಿನ ಕಾಲ 1970ಕ್ಕೆ ಮುಗಿದುದರಿಂದ ಕನ್ನಡದ ಪ್ರಶ್ನೆಯೂ ಅಲ್ಲಿಗೇ ಮುಗಿಯಿತೆಂದು ಭಾವಿಸುವುದು ಸರಿಯಾಗದು. ಸಮಿತಿಯೊಂದರ ಬೇಡಿಕೆಯಾಗಿದ್ದ ಭಾಷೆ ಮುಂದೆ ಎಲ್ಲ ಪಕ್ಷಗಳೂ ಮನ್ನಿಸಲೇಬೇಕಾದ ಷರತ್ತಾಯಿತು. ಇಲ್ಲಿನ ಮತಪತ್ರದಲ್ಲಿ ಮಲಯಾಳದ ಜೊತೆಗೆ ಕನ್ನಡವೂ ಇರುತ್ತದೆ. ಪ್ರಚಾರದ ಕರಪತ್ರ ಕನ್ನಡದಲ್ಲೂ ಅಚ್ಚಾಗುತ್ತದೆ. ಯಾವ ರಂಗದವರೇ ಆದರೂ ಊರೊಳಗೆ ಮತ ಕೇಳುವಾಗ ತುಳುವಿನಲ್ಲೋ ಕನ್ನಡದಲ್ಲೋ ಮಾತನಾಡುತ್ತಾರೆ. 2016ರಲ್ಲಿ ಅಬ್ದುಲ್ ರಜಾಕ್, 2021ರಲ್ಲಿ ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿಯೇ ಪ್ರಮಾಣವಚನ ಸ್ವೀಕರಿಸಿದರು. ಕನ್ನಡವನ್ನು ಒಂದು ಧರ್ಮಕ್ಕೋ ಒಂದು ಪಕ್ಷಕ್ಕೋ ಕಟ್ಟಿಹಾಕಲು ಬಾರದೆಂಬುದಕ್ಕೆ ಲೀಗಿನ ಶಾಸಕರ ಈ ನಡೆಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೆ ಪ್ರಮಾಣವಚನದ ಗೌರವವು ತಾಲೂಕು ಕಚೇರಿಯ ಅರ್ಜಿಯವರೆಗೆ ಇಳಿದು ಬರಬೇಕಾಗಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸುವ ಹಕ್ಕನ್ನು ಮನ್ನಿಸಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ನೀಡುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಹೀಗಿದ್ದೂ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಮತ್ತೆ ಬೀದಿಗಿಳಿಯಬೇಕಾಯಿತು.

ಕಡಿಮೆ ಅಂತರದ ಸ್ಪರ್ಧೆಯು ಭಾಷಾ ಅಲ್ಪಸಂಖ್ಯಾತರ ಮಾತಿಗೆ ಬೆಲೆ ತಂದುಕೊಡುತ್ತದೆ ಎಂಬುದನ್ನು ಮಂಜೇಶ್ವರದ ಚರಿತ್ರೆ ತೋರಿಸಿದೆ. ನೂರಕ್ಕೂ ಕಡಿಮೆ ಮತಗಳಿಂದ ಗೆಲುವು ನಿರ್ಧಾರವಾಗುವಲ್ಲಿ ಯಾವ ಅಭ್ಯರ್ಥಿಯೂ ಕನ್ನಡದ ಮನೆಯೊಂದನ್ನು ದಾಟಿ ಮುಂದೆ ಹೋಗಲಾರ. ಆದರೆ ಮತಗಳ ಅಂತರ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ, ಅದರ ಮೇಲೆ ನಿಂತ ಹಕ್ಕೂ ಅದರೊಡನೆ ಅಲುಗಾಡುತ್ತದೆ. ಶಾಲೆಯಲ್ಲಿ ಕನ್ನಡ ಬಲ್ಲ ಶಿಕ್ಷಕರು, ಕಚೇರಿಯಲ್ಲಿ ಕನ್ನಡ ಬಲ್ಲ ನೌಕರರು, ಕನ್ನಡದಲ್ಲಿ ಬರೆದ ಅರ್ಜಿಗೆ ಕನ್ನಡದಲ್ಲಿ ಉತ್ತರ, ಇವು ಯಾರು ಎಷ್ಟು ಮತಗಳಿಂದ ಗೆದ್ದರೂ ಸೋತರೂ ಲಭ್ಯವಾಗುವಂತೆ ನೋಡಿಕೊಳ್ಳುವುದು ಆರಿಸಿ ಬಂದವರ ಹೊಣೆ. ಅದನ್ನು ಪ್ರತಿ ಚುನಾವಣೆಯಲ್ಲೂ ಕೇಳಿ ಪಡೆಯುವುದು ಗಡಿನಾಡಿನ ಮತದಾರರ ಕೈಯಲ್ಲಿದೆ.