ಅಖೈರು ಶಿಲ್ಕು: ದಿನದ ಲೆಕ್ಕ ದಿನವೇ ಮುಗಿಸೋ ಶಿಸ್ತು

ಬಸ್ಸಲ್ಲಿ ಕೂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಾಳೆ ಬೆಳಿಗ್ಗೆ ಬೇಗ ಏಳಬೇಕು ಅಂದ್ಕೊಂಡು ರಾತ್ರಿ ಹನ್ನೆರಡೂವರೆಗೂ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಸ್ವಯಂ ಶಿಸ್ತು. ಈ ಪದ ಕೇಳಿದ ಕೂಡಲೇ ಅರ್ಧ ಜನ ಮುಂದಿನ ಎಪಿಸೋಡ್‌ಗೆ ಹೋಗ್ತೀರಿ ಅಂತ ಗೊತ್ತು. ಬೆಳಿಗ್ಗೆ ಐದಕ್ಕೆ ಏಳಿ, ತಣ್ಣೀರು ಸ್ನಾನ ಮಾಡಿ ಅಂತೆಲ್ಲ ನಾನು ಹೇಳಲ್ಲ. ನಾನೇ ಏಳಲ್ಲ. ಇವತ್ತು ನನ್ನದೇ ಒಂದು ತಪ್ಪಿನ ಕಥೆ ಹೇಳ್ತೀನಿ. ಆ ತಪ್ಪಿನ ಬೆಲೆ ಕೊಟ್ಟಿದ್ದು ನಾನಲ್ಲ, ಬೇರೆಯವರು. ಅದಕ್ಕೇ ಅದು ಇವತ್ತಿಗೂ ಮರೆತಿಲ್ಲ.

ಬಿ.ಕಾಂ ಮುಗಿಸಿ ಎರಡು ವರ್ಷ ಆಗಿತ್ತು. ತುಮಕೂರಿನಲ್ಲಿ ಒಂದು ಆಡಿಟರ್ ಆಫೀಸಲ್ಲಿ ಕೆಲಸ. ಹತ್ತು ಹನ್ನೆರಡು ಅಂಗಡಿಗಳ ಜಿಎಸ್‌ಟಿ ರಿಟರ್ನ್ ನನ್ನ ಕೈಯಲ್ಲಿತ್ತು. ಅದರಲ್ಲಿ ಒಂದು, ಪೈಪು, ಫಿಟ್ಟಿಂಗ್ಸ್ ಮಾರೋ ಹಾರ್ಡ್‌ವೇರ್ ಅಂಗಡಿ. ಮಾಲೀಕರಿಗೆ ಐವತ್ತೈದು ದಾಟಿತ್ತು. ಪ್ರತಿ ತಿಂಗಳು ಮೂರನೇ ತಾರೀಖು ತಪ್ಪದೆ ಬಿಲ್ ಫೈಲು ತಂದು ನನ್ನ ಟೇಬಲ್ ಮೇಲೆ ಇಟ್ಟು, 'ಬಂದಿದೆ ನೋಡಪ್ಪಾ' ಅಂತ ಹೇಳಿ ಹೋಗೋರು.

ಜಿಎಸ್‌ಟಿ ಗೊತ್ತಿಲ್ಲದೋರಿಗೆ ಒಂದು ನಿಮಿಷದ ಪಾಠ. ತಿಂಗಳಿಗೊಮ್ಮೆ ರಿಟರ್ನ್ ಹಾಕೋ ವ್ಯಾಪಾರಿ, ಹಿಂದಿನ ತಿಂಗಳ ಮಾರಾಟದ ವಿವರವನ್ನ ಈ ತಿಂಗಳ 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1ರಲ್ಲಿ ಹಾಕಬೇಕು. 14ಕ್ಕೆ ಅವರ ಹತ್ರ ಮಾಲು ಕೊಂಡವರಿಗೆ ಜಿಎಸ್‌ಟಿಆರ್-2ಬಿ ಅನ್ನೋ ಪಟ್ಟಿ ಸಿದ್ಧ ಆಗುತ್ತೆ. ಆ ಪಟ್ಟಿಯಲ್ಲಿ ಬಿಲ್ ಕಂಡರೆ ಮಾತ್ರ, ಕೊಂಡವರು ತಾವು ಕೊಟ್ಟ ಟ್ಯಾಕ್ಸಿಗೆ ಕ್ರೆಡಿಟ್ ತಗೋಬಹುದು. ಕಾಣದಿದ್ದರೆ ಆ ತಿಂಗಳು ಅಷ್ಟು ದುಡ್ಡನ್ನ ಕೈಯಿಂದ ಕಟ್ಟಬೇಕು. ಅಂದ್ರೆ ಒಬ್ಬರು ತಡ ಮಾಡಿದ್ರೆ ಇನ್ನೊಬ್ಬರ ಜೇಬಿಗೆ ಕತ್ತರಿ.

ಆ ತಿಂಗಳೂ ಫೈಲು ಮೂರಕ್ಕೇ ಬಂತು. ನಾಲ್ಕನೇ ತಾರೀಖು 'ನಾಳೆ ಮಾಡಿದ್ರಾಯ್ತು' ಅಂದ್ಕೊಂಡೆ. ಐದಕ್ಕೂ ಅದನ್ನೇ ಅಂದ್ಕೊಂಡೆ. ಏಳಕ್ಕೆ ಟಿಡಿಎಸ್ ಕಟ್ಟೋ ಕೊನೇ ದಿನ, ಆ ಗಡಿಬಿಡಿ. ಎಂಟು, ಒಂಬತ್ತು, ಹತ್ತು? ನಿಜ ಹೇಳ್ತೀನಿ, ಕೆಲಸವೇ ಇರಲಿಲ್ಲ ಅನ್ನಬಹುದು. ರೀಲ್ಸ್ ನೋಡಿದೆ, ಟೀಗೆ ಹೋದೆ, ಬಂದೆ. ಹನ್ನೊಂದನೇ ತಾರೀಖು ಸಂಜೆ ಆರಕ್ಕೆ ಫೈಲು ಬಿಚ್ಚಿದೆ. ಪೋರ್ಟಲ್ ನಿಧಾನ ಇತ್ತು. ಕೊನೇ ದಿನ ಊರೆಲ್ಲ ಅಲ್ಲೇ ಇದ್ರೆ ಇನ್ನೇನಾಗುತ್ತೆ? ಆವತ್ತು ಆಗಲಿಲ್ಲ. ಮಾರನೇ ದಿನ ಎರಡು ಬಿಲ್ ನಂಬರು ತಾಳೆ ಆಗಲಿಲ್ಲ. ಹದಿಮೂರಕ್ಕೆ ಫೈಲ್ ಮಾಡಿದೆ. ಎರಡೇ ದಿನ ತಡ, ಏನಾಗುತ್ತೆ ಅಂತ ಸುಮ್ಮನಾದೆ.

ಹದಿನೈದಕ್ಕೆ ಆ ಯಜಮಾನರು ಆಫೀಸಿಗೆ ಬಂದ್ರು. ಅವರ ಹತ್ರ ಎರಡು ಲಕ್ಷದ ಪೈಪು ಕೊಂಡಿದ್ದ ಒಬ್ಬ ಕಂಟ್ರಾಕ್ಟರು, 'ನಿಮ್ಮ ಬಿಲ್ ನನ್ನ ಪಟ್ಟಿಯಲ್ಲಿ ಕಾಣ್ತಿಲ್ಲ, ಟ್ಯಾಕ್ಸಿನ ದುಡ್ಡು ಮುಂದಿನ ತಿಂಗಳು ಕೊಡ್ತೀನಿ' ಅಂದಿದ್ದರಂತೆ. 18 ಪರ್ಸೆಂಟ್ ಅಂದ್ರೆ 36,000 ರೂಪಾಯಿ. ಆದರೆ ಇವರು ಆ ಟ್ಯಾಕ್ಸನ್ನ 20ನೇ ತಾರೀಖಿನೊಳಗೆ ಸರ್ಕಾರಕ್ಕೆ ಕಟ್ಟಲೇಬೇಕು. ಕೈಗೆ ಬರದ ದುಡ್ಡನ್ನ ಕೈಯಿಂದ ಹಾಕಬೇಕು. ಆ ತಿಂಗಳು ಅಂಗಡಿ ಹುಡುಗರಿಬ್ಬರಿಗೆ ಸಂಬಳ ಹತ್ತು ದಿನ ತಡ ಆಯ್ತು.

ನಾನು ಪೋರ್ಟಲ್ ಕಥೆ ಶುರು ಮಾಡಿದೆ. ಅವರು ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಒಂದೇ ಮಾತು: 'ನಾನು ಮೂರನೇ ತಾರೀಖೇ ಕೊಟ್ಟಿದ್ನಲ್ಲಪ್ಪಾ.'

ಬೈದಿದ್ರೆ ಸಮಾಧಾನ ಆಗ್ತಿತ್ತು. ಬೈಲಿಲ್ಲ.

ಅವತ್ತು ಸಂಜೆ ಕ್ಷಮೆ ಕೇಳೋಣ ಅಂತ ಅಂಗಡಿಗೆ ಹೋದೆ. ಷಟರ್ ಅರ್ಧ ಎಳೆದು, ಗಲ್ಲಾ ಪೆಟ್ಟಿಗೆ ಮುಂದೆ ಕೂತು ದುಡ್ಡು ಎಣಿಸ್ತಿದ್ರು. ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದನೆ ಪುಸ್ತಕ. ಕಂಪ್ಯೂಟರಲ್ಲಿ ಟ್ಯಾಲಿ ಇದ್ರೂ ಅವರು ದಿನಾ ರಾತ್ರಿ ಆ ಪುಸ್ತಕ ಬರೀತಾರೆ. ಎಡಗಡೆ ಜಮಾ, ಬಲಗಡೆ ಖರ್ಚು. ಮೇಲೆ ಆರಂಭ ಶಿಲ್ಕು, ಕೆಳಗೆ ಅಖೈರು ಶಿಲ್ಕು. ಕಾಲೇಜಲ್ಲಿ ನಾವು ಓಪನಿಂಗ್ ಬ್ಯಾಲೆನ್ಸ್, ಕ್ಲೋಸಿಂಗ್ ಬ್ಯಾಲೆನ್ಸ್ ಅಂತ ಓದಿದ್ದು ಇದನ್ನೇ.

ಆವತ್ತು ಲೆಕ್ಕದಲ್ಲಿ ನಲವತ್ತು ರೂಪಾಯಿ ಕಡಿಮೆ ಬಂತು. ಎರಡು ಸಲ ಎಣಿಸಿದ್ರು. ಸಿಗಲಿಲ್ಲ. 'ಕಡಿಮೆ 40' ಅಂತ ಬರೆದು, ಸಹಿ ಹಾಕಿ, ಪುಸ್ತಕ ಮುಚ್ಚಿದ್ರು. 'ಜೇಬಿಂದ ನಲವತ್ತು ಹಾಕಿ ಸರಿ ಮಾಡಬಹುದಿತ್ತಲ್ಲ' ಅಂದೆ. 'ಹಾಕಿದ್ರೆ ಎಲ್ಲಿ ಸೋರ್ತಾ ಇದೆ ಅಂತ ಯಾವತ್ತೂ ಗೊತ್ತಾಗಲ್ಲ' ಅಂದ್ರು.

ನನ್ನ ಮಟ್ಟಿಗೆ ಶಿಸ್ತಿನ ಅರ್ಥ ಬದಲಾಗಿದ್ದು ಅಲ್ಲಿ. ಶಿಸ್ತು ಅಂದ್ರೆ ಒಂದು ದಿನವೂ ತಪ್ಪು ಮಾಡದೇ ಇರೋದು ಅಂದ್ಕೊಂಡಿದ್ದೆ. ಅವರ ಪುಸ್ತಕದಲ್ಲಿ ತಪ್ಪು ಇತ್ತು, ಆದರೆ ಬರೆಯದೇ ಬಿಟ್ಟ ದಿನ ಇರಲಿಲ್ಲ. ಇವತ್ತಿನ ಅಖೈರು ಶಿಲ್ಕೇ ನಾಳೆಯ ಆರಂಭ ಶಿಲ್ಕು. ನಾನು ನಾಲ್ಕನೇ ತಾರೀಖು ಬಿಟ್ಟ ಕೆಲಸ ಎಲ್ಲೂ ಮಾಯ ಆಗಿರಲಿಲ್ಲ. ಐದಕ್ಕೆ, ಆರಕ್ಕೆ, ಕೊನೆಗೆ ಹನ್ನೊಂದಕ್ಕೆ ಸಾಲದ ಥರ ಮುಂದೆ ಬಂದಿತ್ತು. ನಾನು ಬರೆದಿಟ್ಟಿರಲಿಲ್ಲ, ಅಷ್ಟೇ.

ಆಮೇಲೆ ಏನು ಮಾಡಿದೆ? ದೊಡ್ಡದೇನಲ್ಲ, ಮೂರು ಕೆಲಸ.

ಮೊದಲನೇದು, ನನ್ನದೇ ತಾರೀಖು. ಸರ್ಕಾರದ ತಾರೀಖು 11 ಇದ್ರೆ ನನ್ನದು 8. 20 ಇದ್ರೆ ನನ್ನದು 16. ಅಂಗಡಿಗಳಿಗೆ ಯಾಕೆ ತಾರೀಖು ತಪ್ಪಲ್ಲ ಹೇಳಿ? ತಪ್ಪಿದ್ರೆ ದಂಡ. ಜಿಎಸ್‌ಟಿಆರ್-3ಬಿ ತಡ ಆದ್ರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ತಿಂಗಳಾದ್ರೂ ದಿನಕ್ಕೆ 20, ಕಟ್ಟಬೇಕಾದ ಟ್ಯಾಕ್ಸಿಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ. ನಮ್ಮ ಇಂಗ್ಲಿಷ್ ಕಲಿಕೆಗೆ, ಎಕ್ಸೆಲ್ ಕೋರ್ಸಿಗೆ, ಬ್ಯಾಂಕ್ ಪರೀಕ್ಷೆ ಓದಿಗೆ ಯಾರೂ ದಂಡ ಹಾಕಲ್ಲ. ಅದಕ್ಕೇ ಅವು ವರ್ಷಗಟ್ಟಲೆ 'ನಾಳೆ'ಯಲ್ಲೇ ಇರ್ತವೆ. ದಂಡ ಹಾಕ್ಕೊಳ್ಳಿ ಅಂತಿಲ್ಲ, ತಾರೀಖು ಹಾಕ್ಕೊಳ್ಳಿ. ಗೋಡೆ ಕ್ಯಾಲೆಂಡರಲ್ಲಿ, ಪೆನ್ನಲ್ಲಿ.

ಎರಡನೇದು, ಕೆಲಸಕ್ಕೆ ಒಂದು ಗೂಟ. 'ನಾಳೆ ಓದ್ತೀನಿ' ಅನ್ನೋದಕ್ಕೆ ಗೂಟ ಇಲ್ಲ, ತೇಲಿ ಹೋಗುತ್ತೆ. 'ರಾತ್ರಿ ಊಟ ಆಗಿ ತಟ್ಟೆ ತೊಳೆದಿಟ್ಟ ಕೂಡಲೇ ಲ್ಯಾಪ್‌ಟಾಪ್ ತೆಗೆದು ಒಂದು ಪಾಠ ನೋಡ್ತೀನಿ' ಅಂದ್ರೆ ಗೂಟ ಬಡಿದ ಹಾಗೆ. ಪೀಟರ್ ಗಾಲ್ವಿಟ್ಜರ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞರು ಇದರ ಬಗ್ಗೆನೇ ಸಂಶೋಧನೆ ಮಾಡಿದಾರೆ, 1999ರಲ್ಲಿ ಬಂದ ಅವರ ಲೇಖನ ತುಂಬ ಹೆಸರು ಮಾಡಿತು. ಸಾರ ಇಷ್ಟೇ: 'ಮಾಡ್ತೀನಿ' ಅನ್ನೋರಿಗಿಂತ 'ಇಂಥ ಹೊತ್ತಲ್ಲಿ, ಇಂಥ ಜಾಗದಲ್ಲಿ, ಹೀಗೆ ಮಾಡ್ತೀನಿ' ಅಂತ ಮೊದಲೇ ಗೊತ್ತು ಮಾಡ್ಕೊಂಡೋರು ಹೆಚ್ಚಾಗಿ ಮಾಡಿ ಮುಗಿಸ್ತಾರೆ. ಈ ಪಾಡ್‌ಕಾಸ್ಟ್ ಶುರುವಾಗಿದ್ದೂ ಹಾಗೇ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಬಟ್ಟೆ ಬೀರು ಪಕ್ಕ ಕೂತು ರೆಕಾರ್ಡಿಂಗ್.

ಮೂರನೇದು, ಅಖೈರು ಶಿಲ್ಕು. ಮಲಗೋ ಮುಂಚೆ ಎರಡು ನಿಮಿಷ. ಒಂದು ನೋಟ್‌ಬುಕ್ಕಲ್ಲಿ ಎಡಗಡೆ ಇವತ್ತು ಮುಗಿದಿದ್ದು, ಬಲಗಡೆ ಹೊತ್ತು ಎಲ್ಲಿ ಹೋಯ್ತು ಅನ್ನೋದು, ಕೆಳಗೆ ನಾಳೆಗೆ ಉಳಿದಿದ್ದು. ಮೊದಲ ವಾರ ನನ್ನ ಬಲಗಡೆ ನೋಡಿ ನನಗೇ ನಾಚಿಕೆ ಆಯ್ತು. 'ಫೋನು, ಒಂದೂ ಮುಕ್ಕಾಲು ಗಂಟೆ.' ಸುಳ್ಳು ಬರೆಯೋಕೆ ಕೈ ಹೋಯ್ತು. ನಲವತ್ತು ರೂಪಾಯಿ ನೆನಪಾಯ್ತು. ಇದ್ದದ್ದೇ ಬರೆದೆ.

'21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಲ್ವಾ ಬ್ರೋ' ಅಂತ ತುಂಬ ಜನ ಮೆಸೇಜ್ ಮಾಡ್ತೀರಿ. ಆ 21ರ ಮೂಲ, ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಆಪರೇಷನ್ ಆದೋರಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕಡಿಮೆ ಅಂದ್ರೂ ಸುಮಾರು 21 ದಿನ ಬೇಕು ಅಂತ ಅವರು ಗಮನಿಸಿದ್ರು. ಬಾಯಿಂದ ಬಾಯಿಗೆ ಬರ್ತಾ 'ಕಡಿಮೆ ಅಂದ್ರೂ' ಅನ್ನೋದು ಉದುರಿ ಹೋಯ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತವರ ಜೊತೆಗಾರರು 96 ಜನರನ್ನ ಹನ್ನೆರಡು ವಾರ ಗಮನಿಸಿ 2010ರಲ್ಲಿ ಲೇಖನ ಪ್ರಕಟಿಸಿದ್ರು. ಅವರ ಅಂದಾಜಲ್ಲಿ ಅಭ್ಯಾಸ ಕೂರೋಕೆ ಒಬ್ಬರಿಗೆ 18 ದಿನ ಸಾಕಾದ್ರೆ ಇನ್ನೊಬ್ಬರಿಗೆ 254 ದಿನ ಬೇಕು. ಮೀಡಿಯನ್ 66. ಅದಕ್ಕಿಂತ ಮುಖ್ಯ, ನಡುವೆ ಒಂದು ದಿನ ತಪ್ಪಿದ್ರೆ ಅಭ್ಯಾಸಕ್ಕೆ ಹೇಳಿಕೊಳ್ಳೋವಂಥ ಪೆಟ್ಟೇನೂ ಬೀಳಲ್ಲ. ಹಾಗಾಗಿ 22ನೇ ದಿನ ಕಷ್ಟ ಅನ್ಸಿದ್ರೆ ನೀವು ದಂಡಪಿಂಡ ಅಂತ ಅಲ್ಲ. ಒಂದು ದಿನ ತಪ್ಪಿತಾ? 'ಕಡಿಮೆ 1' ಅಂತ ಬರೀರಿ, ಮಲಗಿ.

ಒಂದು ಮಾತು ಹೇಳಲೇಬೇಕು. ಶಿಸ್ತಿದ್ರೆ ಎಲ್ಲ ಆಗುತ್ತೆ ಅಂತ ನಾನು ಹೇಳಲ್ಲ. ನೈಟ್ ಶಿಫ್ಟ್ ಮಾಡಿ ಬಂದು ಮಗು ನೋಡ್ಕೊಳ್ಳೋ ನನ್ನ ಅಕ್ಕನ ಮುಂದೆ ನನ್ನ ನೋಟ್‌ಬುಕ್ ದೊಡ್ಡದಲ್ಲ. ಅವಳಿಗೆ ಬೇಕಿರೋದು ಉಪದೇಶ ಅಲ್ಲ, ಎರಡು ಗಂಟೆ ನಿದ್ದೆ. ಅವಳ ಪುಸ್ತಕದಲ್ಲಿ ಬಲಗಡೆ ತುಂಬಿರೋದು ಅವಳ ತಪ್ಪಲ್ಲ. ಆದರೆ ನನ್ನ ಥರ ಎಂಟು, ಒಂಬತ್ತು, ಹತ್ತು, ಮೂರು ದಿನ ಕೈಯಲ್ಲಿದ್ದೂ ಕಳೆದೋರು ಇದ್ರೆ, ಈ ಮಾತು ನಿಮಗೆ.

ಆ ಯಜಮಾನರ ಫೈಲು ಏನಾಯ್ತು? ಆ ಘಟನೆ ಆದ ಮೇಲೆ ಆಫೀಸಲ್ಲಿ ಅದನ್ನ ಬೇರೆಯವರಿಗೆ ಕೊಟ್ರು. ಕೊಡಬೇಕಾದ್ದೇ. ಒಂದು ವರ್ಷ ಆದ ಮೇಲೆ ನಾನು ಆಫೀಸ್ ಬಿಟ್ಟು ಸ್ವಂತವಾಗಿ ಅಕೌಂಟ್ಸ್ ಬರೆಯೋಕೆ ಶುರು ಮಾಡಿದೆ. ಮೂರು ತಿಂಗಳು ಹೆಚ್ಚೇನೂ ಕೆಲಸ ಇರಲಿಲ್ಲ. ಒಂದು ದಿನ ಅವರೇ ಫೋನ್ ಮಾಡಿ, ತಮ್ಮ ಅಳಿಯನ ಅಂಗಡಿ ಲೆಕ್ಕ ನೋಡ್ತೀಯಾ ಅಂತ ಕೇಳಿದ್ರು. ತಮ್ಮ ಅಂಗಡಿದು ಕೊಡಲಿಲ್ಲ, ಅಳಿಯಂದು ಕೊಟ್ರು. ಅರ್ಧ ನಂಬಿಕೆ ಅಂತ ನಾನು ನಗ್ತಾ ಇರ್ತೀನಿ. ಪ್ರತಿ ತಿಂಗಳು ಎಂಟಕ್ಕೆ ಮುಗಿಸಿ, ಅಳಿಯನಿಗೂ ಮಾವನಿಗೂ ಮೆಸೇಜ್ ಹಾಕ್ತೀನಿ. ಮಾವ ಒಂದು ಹೆಬ್ಬೆರಳು ಕಳಿಸ್ತಾರೆ. ಸದ್ಯಕ್ಕೆ ನನ್ನ ಪ್ರಮೋಷನ್ ಅದೇ.

ಈ ವಾರ ನಿಮಗೊಂದು ಕೆಲಸ. ಆರಂಭ ಶಿಲ್ಕು ಬರೀರಿ. ತುಂಬ ದಿನದಿಂದ ಮುಂದೂಡ್ತಿರೋ ಒಂದೇ ಒಂದು ಕೆಲಸ, ಅದಕ್ಕೆ ನಿಮ್ಮದೇ ಒಂದು ತಾರೀಖು. ಇವತ್ತು ರಾತ್ರಿ ಮಲಗೋ ಮುಂಚೆ ಎರಡು ನಿಮಿಷ. ಎಷ್ಟು ಕಡಿಮೆ ಬಂತು ಅಂತ ನನಗೆ ಕಳಿಸಿ, ನಂದೂ ಹೇಳ್ತೀನಿ.

ಮುಂದಿನ ಭಾನುವಾರ ಸಿಗೋಣ. ನಮಸ್ಕಾರ.