ವೇಗದ ಇಂಟರ್ನೆಟ್ ನಮ್ಮೂರ ಶಾಲೆಗೂ ಬರಲಿ

(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಸಂಘದಲ್ಲಿ ಸಾಲ ಯಾಕೆ ಅಂತ ಕೇಳಿದರೆ ನಮ್ಮಲ್ಲಿ ಹಲವರು ಹೇಳುವುದು ಒಂದೇ ಮಾತು, 'ಮಕ್ಕಳ ಓದಿಗೆ' ಅಂತ. ಆದುದರಿಂದ ಇವತ್ತು ಉಳಿತಾಯದ ಲೆಕ್ಕ ಮುಗಿಸಿ ನಮ್ಮ ಊರಿನ ಶಾಲೆಯ ಬಗ್ಗೆ ಸ್ವಲ್ಪ ಮಾತಾಡೋಣ.

2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದ್ದು ನೆನಪಿದೆಯಲ್ಲ? ಪಾಠ ಮೊಬೈಲಿಗೆ ಬಂತು. ಮಲೆನಾಡಿನ, ಕರಾವಳಿಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲು. ಅದನ್ನು ಮೊದಲು ಮಗನಿಗೆ ಕೊಟ್ಟೆವು. ಮಗಳಿಗೆ 'ಪಾತ್ರೆ ತೊಳೆದು ಬಾ, ಆಮೇಲೆ ನೋಡು' ಅಂದೆವು. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಶಾಲೆಯಲ್ಲೇ ಒಳ್ಳೆಯ ಇಂಟರ್ನೆಟ್ ಇದ್ದರೆ ಮಗ, ಮಗಳು ಇಬ್ಬರೂ ಒಟ್ಟಿಗೆ ಕೂತು ಕಲಿಯಬಹುದು.

ಇಂಟರ್ನೆಟ್ ಅಂದರೆ ನೀರಿನ ಪೈಪಿನ ಹಾಗೆ. ಪೈಪು ಸಣ್ಣದಾದರೆ ಕೊಡ ತುಂಬಲು ಕಾಯಬೇಕು. ಒಂದು ಪಾಠದ ವಿಡಿಯೊ 100 ಎಂಬಿ ಇದೆ ಅಂತಿಟ್ಟುಕೊಳ್ಳಿ. 2 ಎಂಬಿಪಿಎಸ್ ಲೈನಿನಲ್ಲಿ ಅದು ಇಳಿಯಲು ಸುಮಾರು 7 ನಿಮಿಷ ಬೇಕು. ಅಷ್ಟರಲ್ಲಿ ಮಕ್ಕಳ ಗಲಾಟೆ ಶುರು! 100 ಎಂಬಿಪಿಎಸ್ ಪೂರ್ತಿ ಸಿಕ್ಕಿದರೆ 8 ಸೆಕೆಂಡು ಸಾಕು.

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ದೀಕ್ಷಾ'ದಲ್ಲಿ ಕನ್ನಡದ ಪಾಠಗಳೂ ಇವೆ. ಹೃದಯ ಹೇಗೆ ಬಡಿಯುತ್ತದೆ ಎಂಬುದನ್ನು ಚಿತ್ರ ನೋಡಿ ಬಾಯಿಪಾಠ ಮಾಡುವುದಕ್ಕಿಂತ ಪರದೆಯ ಮೇಲೆ ಕಂಡರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಹಾಗಂತ ಯಂತ್ರವೇ ಟೀಚರ್ ಅಲ್ಲ. ಪಾಠ ನಿಲ್ಲಿಸಿ, 'ಅರ್ಥವಾಯ್ತಾ ಮಕ್ಕಳೇ?' ಅಂತ ಕೇಳುವವರು ಬೇಕೇ ಬೇಕು.

ಊರೂರಿಗೆ ಈ ಲೈನ್ ತರಲು ಸರ್ಕಾರ 2011ರಲ್ಲಿ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸುವುದು ಅದರ ಗುರಿ. ಈಗ ಅದರ ಹೆಸರು ಭಾರತ್‌ನೆಟ್. ಆದರೆ ಪಂಚಾಯಿತಿಗೆ ಬಂದ ಲೈನ್ ತಾನಾಗಿ ಶಾಲೆಗೆ ನಡೆದು ಹೋಗುವುದಿಲ್ಲ. ಟ್ಯಾಂಕಿಗೆ ನೀರು ಬಂದರೆ ಸಾಲದು, ನಲ್ಲಿಗೂ ಬರಬೇಕಲ್ಲವೇ?

ಇಲ್ಲಿ ನಮ್ಮ ಕೆಲಸ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಅದೇ ನಮ್ಮ ಎಸ್‌ಡಿಎಂಸಿ. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿ. ಅಲ್ಲಿ ನಾವು ಸಹಿ ಹಾಕಿ ಎದ್ದು ಬರಬಾರದು, ಕೇಳಬೇಕು:

1. ಪಂಚಾಯಿತಿಗೆ ಫೈಬರ್ ಬಂದಿದೆಯೇ? ಕೆಲಸ ಮಾಡುತ್ತಿದೆಯೇ?
2. ಶಾಲೆಗೆ ಲೈನ್ ಎಳೆಸುವುದು ಯಾವಾಗ? ತಿಂಗಳ ಬಿಲ್ಲು ಕಟ್ಟುವವರು ಯಾರು?
3. ಕರೆಂಟು ಹೋದರೆ ಏನು ವ್ಯವಸ್ಥೆ? ಪಾಠಗಳನ್ನು ಮೊದಲೇ ಇಳಿಸಿ ಇಡುತ್ತಾರೆಯೇ?
4. ಮಕ್ಕಳು ಬೇಡದ್ದನ್ನು ನೋಡದಂತೆ ಗಮನಿಸುವವರು ಯಾರು?

ಶಾಲೆಯಲ್ಲಿ ಉತ್ತರ ಸಿಗದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳೋಣ. ಒಬ್ಬಳೇ ಕೇಳಿದರೆ 'ನೋಡೋಣಮ್ಮ' ಅಂತಾರೆ. ಇಪ್ಪತ್ತು ಮಂದಿ ಕೇಳಿದರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘವೂ ಮೊದಲನೆಯ ಪ್ರಶ್ನೆಗಾದರೂ ಉತ್ತರ ತರಲಿ.