ನಾಯಿಯ ಮೈಯಿಂದ ಗೋಡೆಯ ಬಿರುಕಿನವರೆಗೆ



ಗ್ರೀಕ್ ಮಹಾಕವಿ ಹೋಮರನ ‘ಒಡಿಸ್ಸಿ’ಯಲ್ಲಿ ಆರ್ಗಸ್ ಎಂಬ ಒಂದು ಮುದಿ ನಾಯಿ ಬರುತ್ತದೆ. ಇಪ್ಪತ್ತು ವರ್ಷ ಊರು ಬಿಟ್ಟಿದ್ದ ಯಜಮಾನ ಭಿಕ್ಷುಕನ ವೇಷದಲ್ಲಿ ಬಂದಾಗ, ಯಾರೂ ಹೇಳದೆ ತಾನಾಗಿಯೇ ಅವನ ಗುರುತು ಹಿಡಿಯುವುದು ಈ ನಾಯಿ. ಬಾಲ ಅಲ್ಲಾಡಿಸುತ್ತದೆ, ಎದ್ದು ಬರಲು ಆಗುವುದಿಲ್ಲ. ಬಾಗಿಲ ಮುಂದಿನ ತಿಪ್ಪೆಯ ಮೇಲೆ, ಮೈತುಂಬ ರಕ್ತ ಹೀರುವ ಹುಳ ಹತ್ತಿಸಿಕೊಂಡು ಅದು ಬಿದ್ದಿರುತ್ತದೆ. ಒಡೆಯನಿಲ್ಲದ ಮನೆಯಲ್ಲಿ ನಾಯಿಯನ್ನು ಕೇಳುವವರಿಲ್ಲ ಎಂದು ತೋರಿಸಲು ಕವಿಗೆ ಅಷ್ಟೇ ಸಾಕಾಯಿತು. ಚಿಗಟ, ಉಣ್ಣಿಗಳಿಂದ ನಾಯಿಯನ್ನು ಕಾಪಾಡುವುದು ಸಾಕಿದವರ ಹೊಣೆ ಎಂಬ ಮಾತು ಅಷ್ಟು ಹಳೆಯದು.

ಮದ್ದಿನ ಚರಿತ್ರೆಗೂ ಎರಡು ಸಾವಿರ ವರ್ಷ ದಾಟಿದೆ. ರೋಮಿನ ಪಂಡಿತ ವ್ಯಾರೊ ಕ್ರಿ.ಪೂ. 37ರ ಸುಮಾರಿಗೆ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಬೇಸಾಯದ ಬಗ್ಗೆ ಒಂದು ಗ್ರಂಥ ಬರೆದ. ಬಾದಾಮಿಯನ್ನು ನೀರಿನಲ್ಲಿ ಅರೆದು ನಾಯಿಯ ಕಿವಿಗೂ ಕಾಲ್ಬೆರಳ ಸಂದಿಗೂ ಹಚ್ಚಬೇಕು, ಇಲ್ಲವಾದರೆ ನೊಣ, ಉಣ್ಣಿ, ಚಿಗಟ ಕಚ್ಚಿ ಅಲ್ಲಿ ಹುಣ್ಣಾಗುತ್ತದೆ ಎನ್ನುತ್ತಾನೆ ಅವನು. ಬಾದಾಮಿಯಿಂದ ಎಷ್ಟು ಗುಣವಾಯಿತೋ ಬೇರೆ ಮಾತು, ಜಾಗವನ್ನು ಮಾತ್ರ ಸರಿಯಾಗಿ ಹಿಡಿದಿದ್ದ. ಇವತ್ತಿಗೂ ಉಣ್ಣಿ ಹುಡುಕುವವರು ಮೊದಲು ಕಿವಿ ಮಡಚಿ ನೋಡುತ್ತಾರೆ, ಆಮೇಲೆ ಬೆರಳ ಸಂದಿ ಬಿಡಿಸುತ್ತಾರೆ. ಮುಂದಿನ ಶತಮಾನದ ಕೊಲುಮೆಲ್ಲ ಎಂಬ ಬರಹಗಾರ ಚಿಗಟಕ್ಕೆ ಜೀರಿಗೆಯ ಪುಡಿಯ ಜೊತೆ ಹೆಲೆಬೋರ್ ಎಂಬ ವಿಷದ ಗಿಡವನ್ನು ಸಮತೂಕ ಬೆರೆಸಿ ಹಚ್ಚಲು ಹೇಳಿದ. ಅದು ಸಿಗದವರು ಆಲಿವ್ ಎಣ್ಣೆಯ ಹಳೆಯ ಗಷ್ಟನ್ನು ಮೈಗೆಲ್ಲ ಸುರಿಯಬೇಕಿತ್ತು. ನಮ್ಮ ಹಳ್ಳಿಗಳ ಬೇವಿನೆಣ್ಣೆ, ಹೊಂಗೆ ಎಣ್ಣೆಗಳೂ ಇದೇ ಸಾಲಿನವು. ಈ ಎಲ್ಲ ಮದ್ದುಗಳಲ್ಲೂ ಒಂದು ನಂಬಿಕೆ ಅಡಗಿತ್ತು: ಹುಳ ಇರುವುದು ನಾಯಿಯ ಮೈಮೇಲೆ, ಆದ್ದರಿಂದ ಮದ್ದೂ ಅಲ್ಲಿಗೇ.

ಆ ನಂಬಿಕೆ ಅಲುಗಿದ್ದು ಸೂಕ್ಷ್ಮದರ್ಶಕ ಬಂದ ಮೇಲೆ. 1665ರಲ್ಲಿ ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯ’ ಪುಸ್ತಕದಲ್ಲಿ, ಹಾಳೆ ಮಡಚಿ ಇಡಬೇಕಾದಷ್ಟು ದೊಡ್ಡದಾಗಿ ಒಂದು ಚಿಗಟದ ಚಿತ್ರ ಅಚ್ಚು ಹಾಕಿಸಿದ. ಆಮೇಲೆ ಹಾಲೆಂಡಿನ ಡೆಲ್ಫ್ಟ್ ಊರಿನ ಲೇವೆನ್‌ಹುಕ್ ಚಿಗಟದ ಬದುಕನ್ನೇ ಬೆನ್ನಟ್ಟಿದ. ಚಿಗಟ ದೂಳಿನಿಂದ ತಾನಾಗಿ ಹುಟ್ಟುವುದಿಲ್ಲ, ಅದಕ್ಕೂ ಮೊಟ್ಟೆ, ಮರಿಹುಳು, ಗೂಡು ಇವೆ ಎಂದು ತೋರಿಸಿಕೊಟ್ಟ. ಅದರ ಪೂರ್ತಿ ಅರ್ಥ, ಅಂದರೆ ಹುಳ ಬೆಳೆಯುವುದು ನಾಯಿಯ ಮೈಯಿಂದ ಹೊರಗೂ ಎಂಬುದು, ನಾಯಿ ಸಾಕುವವರ ಮನೆ ತಲುಪಲು ಮಾತ್ರ ಮುನ್ನೂರು ವರ್ಷ ಬೇಕಾಯಿತು.

ಈ ಹುಳಗಳು ಬರೀ ತುರಿಕೆ ತರುವುದಿಲ್ಲ, ರೋಗವನ್ನೂ ತರುತ್ತವೆ ಎಂದು ತಿಳಿದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್‌ಬೋರ್ನ್, ದನಗಳ ಟೆಕ್ಸಾಸ್ ಜ್ವರ ಹರಡುವುದು ಉಣ್ಣಿಯಿಂದ ಎಂದು ಸಾಧಿಸಿದರು. 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಸಿಮೊಂಡ್, ಪ್ಲೇಗನ್ನು ಇಲಿಯಿಂದ ಇಲಿಗೆ ಸಾಗಿಸುವುದು ಚಿಗಟ ಎಂದು ಕಂಡುಕೊಂಡ. ನಾಯಿಯ ಸರದಿ ಬಂದದ್ದು 1901ರಲ್ಲಿ. ದಕ್ಷಿಣ ಆಫ್ರಿಕದ ಲೌನ್ಸ್‌ಬರಿ, ನಾಯಿಗಳ ಕಾಮಾಲೆಯಂಥ ರೋಗಕ್ಕೆ ಉಣ್ಣಿ ಕಾರಣ ಎಂದು ತೋರಿಸಿದ. ಆ ರೋಗಕ್ಕೆ ಈಗಿನ ಹೆಸರು ಬೆಬೀಸಿಯೋಸಿಸ್. ಅದರ ಇನ್ನೊಂದು ರೋಗಾಣು ಪತ್ತೆಯಾದದ್ದು ನಮ್ಮ ನೆರೆಯಲ್ಲೇ. 1910ರಲ್ಲಿ ಪ್ಯಾಟನ್ ಎಂಬ ವಿಜ್ಞಾನಿ ಅದನ್ನು ಮದರಾಸಿನಲ್ಲಿ ಬ್ರಿಟಿಷರು ಸಾಕಿದ್ದ ಬೇಟೆನಾಯಿಗಳ ರಕ್ತದಲ್ಲೂ, ಆಮೇಲೆ ನರಿಗಳ ರಕ್ತದಲ್ಲೂ ಕಂಡ. 1935ರಲ್ಲಿ ಅಲ್ಜೀರಿಯದಲ್ಲಿ ಗುರುತಿಸಿದ ಎರ್ಲಿಕಿಯ ಎಂಬ ಇನ್ನೊಂದು ಸೋಂಕು, ವಿಯೆಟ್ನಾಂ ಯುದ್ಧದ ಹೊತ್ತಿಗೆ ಅಮೆರಿಕ ಸೇನೆಯ ನೂರಾರು ನಾಯಿಗಳನ್ನು ಬಲಿ ತೆಗೆದುಕೊಂಡಿತು. ‘ಟಿಕ್ ಫೀವರ್’ ಎಂದು ನಮ್ಮೂರ ಪಶುವೈದ್ಯರು ಹೇಳುವುದು ಈ ಬಗೆಯ ರೋಗಗಳಿಗೇ.

ಉಣ್ಣಿ ಎಂದೊಡನೆ ಮಲೆನಾಡಿನವರಿಗೆ ಮಂಗನ ಕಾಯಿಲೆ ನೆನಪಾದೀತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಕಾಣಿಸಿಕೊಂಡ ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣ್ಣಿ. ಊರ ನಾಯಿಗಳ ಮೈಮೇಲೆ ಹೆಚ್ಚಾಗಿ ಸಿಗುವ ಕಂದು ಉಣ್ಣಿ ಬೇರೆ ಜಾತಿ.

ಆ ಕಂದು ಉಣ್ಣಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೊಟ್ಟೆ ತುಂಬ ರಕ್ತ ಕುಡಿದು ಹರಳು ಬೀಜದಂತೆ ಉಬ್ಬಿದ ಹೆಣ್ಣು, ನಾಯಿಯ ಮೈಯಿಂದ ಉದುರಿ ಗೋಡೆ ಹತ್ತುತ್ತದೆ. ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮರಿಗಳು ನಾಯಿಯನ್ನು ಹತ್ತಿ, ರಕ್ತ ಕುಡಿದು, ಮತ್ತೆ ಉದುರಿ, ಪೊರೆ ಬಿಡುತ್ತವೆ. ಪ್ರತಿ ಹಂತದಲ್ಲೂ ಇದೇ ಆಟ. ಚಿಗಟದ ಕಥೆಯೂ ಹೆಚ್ಚು ಬೇರೆಯಲ್ಲ. ಅದು ನಾಯಿಯ ಮೈಮೇಲೆ ಇಟ್ಟ ಮೊಟ್ಟೆಗಳು ನಾಯಿ ಮಲಗಿದಲ್ಲೆಲ್ಲ ಉದುರುತ್ತವೆ. ಮರಿಹುಳು ಕಟ್ಟಿದ ಗೂಡಿನೊಳಗೆ ಕೂತ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರು ತಾಗಿತೋ, ಹೊರಗೆ ಹಾರುತ್ತದೆ. ಬಹಳ ದಿನ ಬೀಗ ಹಾಕಿದ್ದ ಮನೆಯೊಳಗೆ ಕಾಲಿಟ್ಟ ಕೂಡಲೇ ಚಿಗಟ ಮುತ್ತುವುದು ಇದಕ್ಕೇ.

ಇನ್ನು ರಾಸಾಯನಿಕಗಳ ಕಾಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸೇವಂತಿಗೆಯ ಜಾತಿಯ ಪೈರೆಥ್ರಮ್ ಹೂವಿನ ಪುಡಿ ಯುರೋಪಿನ ಅಂಗಡಿಗಳಿಗೆ ಬಂತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಡಿಡಿಟಿ ಬಂತು. 1960ರ ದಶಕದಲ್ಲಿ ಪ್ಲಾಸ್ಟಿಕ್ ಕೊರಳಪಟ್ಟಿಯೊಳಗೆ ಡೈಕ್ಲೋರ್‌ವಾಸ್ ವಿಷವನ್ನು ಸೇರಿಸಿ, ಅದು ನಿಧಾನವಾಗಿ ಆವಿಯಾಗುವಂತೆ ಮಾಡಿದರು. ಆಮೇಲೆ ಅಮಿಟ್ರಾಜ್ ಕಲಸಿದ ನೀರಿನ ಸ್ನಾನ ಬಂತು. 1990ರ ದಶಕದ ಲುಫೆನ್ಯುರಾನ್ ಮಾತ್ರ ಬೇರೆ ದಾರಿ ಹಿಡಿಯಿತು. ಅದು ಚಿಗಟವನ್ನು ಕೊಲ್ಲುತ್ತಿರಲಿಲ್ಲ, ಚಿಗಟದ ಸಂತಾನ ಬೆಳೆಯದಂತೆ ಮಾಡುತ್ತಿತ್ತು. ಲೇವೆನ್‌ಹುಕ್ ಕಂಡ ಮೊಟ್ಟೆಯವರೆಗೂ ಈ ಔಷಧಿ ತಲುಪಿತು. ಅದೇ ದಶಕದಲ್ಲಿ ಫಿಪ್ರೊನಿಲ್ ಹನಿ ಬಂತು. ನಾಯಿಯ ನಾಲಿಗೆ ತಲುಪದಂತೆ ಹೆಗಲುಗಳ ನಡುವೆ ಬಿಟ್ಟರೆ, ಚರ್ಮದ ಜಿಡ್ಡಿನ ಜೊತೆ ಮೈಗೆಲ್ಲ ಹರಡಿ ವಾರಗಟ್ಟಲೆ ಉಳಿಯುತ್ತದೆ. 2010ರ ದಶಕದಲ್ಲಿ ಫ್ಲುರಲೇನರ್, ಅಫೊಕ್ಸೊಲೇನರ್ ಮಾತ್ರೆಗಳು ಬಂದವು. ಇವು ರಕ್ತದಲ್ಲಿರುತ್ತವೆ. ಅಂದರೆ ಹುಳ ಕಚ್ಚಿದ ಮೇಲೇ ಸಾಯುವುದು.

ಯಾವ ಔಷಧಿಯೂ ಎಲ್ಲ ಪ್ರಾಣಿಗೂ ಒಗ್ಗುವುದಿಲ್ಲ. ದನಗಳಿಗೂ ನಾಯಿಗಳಿಗೂ ಬಳಸುವ ಐವರ್‌ಮೆಕ್ಟಿನ್, ಕಾಲಿಯಂಥ ಕೆಲವು ತಳಿಗಳ ಮಿದುಳಿಗೆ ನುಗ್ಗಿ ಜೀವಕ್ಕೇ ಕುತ್ತು ತಂದೀತು. ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಹೊಸ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದೆಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ದನಕ್ಕೆ ತಂದ ಬಾಟಲಿಯಿಂದಲೇ ಅಂದಾಜಿನ ಮೇಲೆ ನಾಯಿಗೂ ಹಚ್ಚುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ. ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ನಾಯಿಯ ಸೊಂಟದ ಕೂದಲು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಉಣ್ಣಿ ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆ ಸುರಿಯಬೇಡಿ, ಬೆಂಕಿ ತಾಗಿಸಬೇಡಿ.

ಔಷಧಿ ಹಾಕಿದ ದಿನವೇ ನಾಯಿಯ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆ ಗುಡಿಸಿ, ನಾಯಿಮನೆಯ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ. ಚಿಗಟ ಹೋಯಿತೆಂದು ಒಂದೇ ತಿಂಗಳಿಗೆ ಔಷಧಿ ನಿಲ್ಲಿಸಬೇಡಿ. ಗೂಡಿನೊಳಗೆ ಕಾಯುತ್ತಿರುವ ಚಿಗಟಗಳು ಹೊರಬಂದು ಮುಗಿಯಲು ಮೂರು ತಿಂಗಳಾದರೂ ಬೇಕು. ಎರಡು ಸಾವಿರ ವರ್ಷ ನಾವು ಮದ್ದು ಬದಲಿಸುತ್ತಾ ಬಂದೆವು. ಈಗ ಹಾಕುವ ಜಾಗವನ್ನೂ ಹಿಗ್ಗಿಸೋಣ, ನಾಯಿಯ ಜೊತೆಗೆ ಮನೆಗೂ ಚಿಕಿತ್ಸೆಯಾಗಲಿ.